ಸ್ಥಳೀಯ ಸಂಘದವರನ್ನು ‘ಪರದೇಶದ ಏಜೆಂಟರು’ ಅಂತಿದ್ದಾರೆ. ಹಣ ಕೊಡುವ ನಾವೇನು ಮಾಡಬೇಕು?

ಪ್ರಶ್ನೆ
ನಾನು ಹೊರದೇಶದ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಹೆಣ್ಣುಮಕ್ಕಳಿಗೆ ಕಾನೂನು ನೆರವು ಕೊಡುವ ಒಂದು ಸ್ಥಳೀಯ ಸಂಘಕ್ಕೆ ನಾವು ಹಣ ಕೊಡುತ್ತೇವೆ. ಈಚೆಗೆ ಅವರ ಕಚೇರಿ ಗೋಡೆ ಮೇಲೆ ಯಾರೋ ‘ಪರದೇಶದ ಏಜೆಂಟರು’ ಅಂತ ಬರೆದು ಹೋಗಿದ್ದಾರೆ. ನಮ್ಮಲ್ಲಿ ಒಬ್ಬರು ಅಲ್ಲಿರುವ ನಮ್ಮ ಲೋಗೋ ಎಲ್ಲ ತೆಗೆಸಿಬಿಡೋಣ ಅಂತಾರೆ. ಇನ್ನೊಬ್ಬರು ಪತ್ರಿಕಾ ಹೇಳಿಕೆ ಕೊಟ್ಟು ಬೆಂಬಲಕ್ಕೆ ನಿಲ್ಲೋಣ ಅಂತಾರೆ. ಯಾವುದು ಸರಿ?

ಉತ್ತರ 1
ಮೊದಲು ಅಲ್ಲಿನ ಕಾನೂನು ನೋಡಿ. ಉದಾಹರಣೆಗೆ, ಜಾರ್ಜಿಯಾ ದೇಶದಲ್ಲಿ 2024ರಲ್ಲಿ ಬಂದ ಕಾನೂನಿನ ಪ್ರಕಾರ, ಆದಾಯದಲ್ಲಿ 20%ಗಿಂತ ಜಾಸ್ತಿ ಹೊರಗಿನಿಂದ ಬಂದರೆ ಸಂಘ ನೋಂದಣಿ ಮಾಡಿಸಲೇಬೇಕಿತ್ತು. ಮಾಡಿಸದಿದ್ದರೆ ಆ ಕಾನೂನಿನಲ್ಲಿ ದಂಡ ಬೀಳುತ್ತಿದ್ದದ್ದು ಸಂಘಕ್ಕೆ, ಹಣ ಕೊಟ್ಟವರಿಗಲ್ಲ.

ಉತ್ತರ 2
ನಾನು ಹಣ ತೆಗೆದುಕೊಳ್ಳುವ ಕಡೆ ವರ್ಷಗಟ್ಟಲೆ ಕೂತವಳು, ಅಲ್ಲಿಂದಲೇ ಹೇಳ್ತೀನಿ. ಎರಡೂ ಸದ್ಯಕ್ಕೆ ಬೇಡ. ಸಂಘದವರನ್ನು ಕೇಳಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ಅವರ ಮಾತೇ ಇಲ್ಲ.

ದಿಢೀರನೆ ಲೋಗೋ ತೆಗೆದರೆ ‘ನೋಡಿ, ಮುಚ್ಚಿಡ್ತಿದ್ದಾರೆ’ ಅಂತಾರೆ. ನೀವು ಹೇಳಿಕೆ ಕೊಟ್ಟರೆ ‘ನೋಡಿ, ಯಜಮಾನರು ಬಂದರು’ ಅಂತಾರೆ. ಎರಡರಲ್ಲೂ ಮರುದಿನ ಬೆಳಗ್ಗೆ ಆ ಕಚೇರಿಯ ಬಾಗಿಲು ತೆಗೆಯಬೇಕಾದವರು ಅವರು.

ಜನರ ಅನುಮಾನವನ್ನು ಸುಮ್ನೆ ತಳ್ಳಿಹಾಕಬೇಡಿ. 2011ರಲ್ಲಿ ಪಾಕಿಸ್ತಾನದ ಅಬೋಟಾಬಾದಿನಲ್ಲಿ ಬಿನ್ ಲಾದೆನ್ ಪತ್ತೆಗೆ ಅಮೆರಿಕದ ಸಿಐಎ ಲಸಿಕೆ ಅಭಿಯಾನದ ವೇಷ ಹಾಕಿತು. ಅದು ಬಯಲಾದ ಮೇಲೆ ಲಸಿಕೆಯವರ ಮೇಲೆ ಮೊದಲೇ ಇದ್ದ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಪೋಲಿಯೋ ಹನಿ ಹಾಕಲು ಮನೆಮನೆಗೆ ಹೋಗುತ್ತಿದ್ದ ಅಲ್ಲಿನ ಹೆಣ್ಣುಮಕ್ಕಳೇ ಗುಂಡಿಗೆ ಬಲಿಯಾದರು. ಇನ್ನು ಲಸಿಕೆಯನ್ನು ಹಾಗೆ ಬಳಸಲ್ಲ ಅಂತ ಅಮೆರಿಕ ಹೇಳಿದ್ದು 2014ರಲ್ಲಿ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಸರ್ಕಾರಗಳು ಹೇಳಿದ್ದೆಲ್ಲ ನಿಜ ಅಂತಲ್ಲ. ಇಥಿಯೋಪಿಯಾದ ಮಹಿಳಾ ವಕೀಲರ ಸಂಘ ನಿಮ್ಮವರ ಹಾಗೇ ಉಚಿತ ಕಾನೂನು ನೆರವು ಕೊಡುತ್ತಿತ್ತು. 2009ರ ಕಾನೂನು, 10%ಗಿಂತ ಜಾಸ್ತಿ ವಿದೇಶಿ ಹಣ ಪಡೆಯುವವರು ಹಕ್ಕುಗಳ ಕೆಲಸ ಮಾಡಬಾರದು ಅಂದಿತು. ಅವರ ಬ್ಯಾಂಕ್ ಖಾತೆ ತಡೆಹಿಡಿದರು. ಬಹುಪಾಲು ಸಿಬ್ಬಂದಿ ಹೋದರು. 2019ರಲ್ಲಿ ಆ ಕಾನೂನು ಬದಲಾಯಿತು, ನಿಜ. ಆದರೆ ಆ ಹತ್ತು ವರ್ಷ ನೆರವು ಸಿಗದ ಹೆಂಗಸರು ಏನು ಮಾಡಬೇಕಿತ್ತು?

ಅದಕ್ಕೇ ನಿಮ್ಮವರು ಊರೊಳಗೂ ಚಂದಾ ಎತ್ತಲಿ, ಚಿಕ್ಕ ಮೊತ್ತವಾದರೂ ಸರಿ. ಅದಕ್ಕೆ ಬೇಕಾದ ಸಮಯ, ಸಂಬಳ ನಿಮ್ಮ ಬಜೆಟ್‌ನಲ್ಲಿರಲಿ. ವರದಿಗೆ ಫೋಟೋ ಬೇಕು ಅಂತ ಕಕ್ಷಿದಾರರನ್ನು ಬ್ಯಾನರ್ ಮುಂದೆ ನಿಲ್ಲಿಸೋದು ಇವತ್ತೇ ನಿಲ್ಲಲಿ. ಗಂಡನ ಮೇಲೆ ಕೇಸು ಹಾಕಿದವಳ ಮುಖ, ಹಿಂದೆ ಪರದೇಶದ ಹೆಸರು. ಆ ಫೋಟೋ ಯಾರ ಕೈಗೆ ಹೋಗುತ್ತೆ ಅಂತ ನಿಮಗೆ ಗೊತ್ತಾ?

ಉತ್ತರ 3
ಹಣದ ಲೆಕ್ಕವನ್ನು ಸ್ಥಳೀಯ ಭಾಷೆಯಲ್ಲಿ ಬರೆದು ಕಚೇರಿ ಬಾಗಿಲಿಗೇ ಅಂಟಿಸಲಿ. ಎಷ್ಟು ಬಂತು, ಯಾರಿಂದ, ಯಾತಕ್ಕೆ ಹೋಯ್ತು ಅಂತ.

ಪ್ರಶ್ನೆ ಕೇಳಿದವರು
ಫೋಟೋ ವಿಚಾರ ಇವತ್ತೇ ಬರೆದು ಕಳಿಸಿದೆ. ಲೆಕ್ಕ ಓದುವ ಸಭೆ ಇಟ್ಟರೆ ನಮ್ಮವರು ಯಾರಾದರೂ ಇರಬೇಕಾ?

ಉತ್ತರ 2
ಅವರು ಕರೆದರೆ ಹೋಗಿ. ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಪ್ರಶ್ನೆ ಬಂದರೆ ಉತ್ತರ ಅವರ ಖಜಾಂಚಿಯೇ ಹೇಳಲಿ.