ಡಂಜನ್‌ನಲ್ಲಿ ನಿಧಿ: ಎಷ್ಟು, ಎಲ್ಲಿ?

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಸಾಹಸದಾಟ) ಹಳೆಯ ನಿಯಮದಲ್ಲಿ ಆಡಿಸುತ್ತಿದ್ದೇನೆ, ಗಳಿಸಿದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅನುಭವ ಅಂಕ. ನಾಲ್ವರು ಯೋಧರು ಎರಡನೇ ಹಂತಕ್ಕೇರಲು ಡಂಜನ್, ಅಂದರೆ ರಾಕ್ಷಸರೂ ಬಲೆಗಳೂ ಇರುವ ನೆಲಮಾಳಿಗೆಯಲ್ಲಿ ಎಷ್ಟು ನಿಧಿ ಇಡಲಿ?

ಉತ್ತರ 1: ತಲೆಗೆ 2,000 ಅಂಕ, ಒಟ್ಟು 8,000. ಮುಕ್ಕಾಲು ಪಾಲು ನಿಧಿಯಿಂದ ಬರಲಿ ಅಂದರೆ 6,000 ನಾಣ್ಯ. ಆದರೆ 9,000 ಇಡಿ, ಎಲ್ಲವೂ ಆಟಗಾರರ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಕೋಣೆಗೂ ಆರು ಮುಖದ ದಾಳ ಉರುಳಿಸಿ: ರಾಕ್ಷಸರಿದ್ದಲ್ಲಿ 1–3 ಬಿದ್ದರೆ ನಿಧಿ, ಬಲೆಯಿದ್ದಲ್ಲಿ 1–2, ಖಾಲಿ ಕೋಣೆಯಲ್ಲಿ 1 ಮಾತ್ರ. ಈ ಕೊನೆಯದನ್ನು ಬಿಡಲೇಬೇಡಿ, ಮೂಲೆಮೂಲೆ ತಡಕುವ ಆಸೆ ಹುಟ್ಟುವುದೇ ಅಲ್ಲಿ.

ಉತ್ತರ 2: ತೂಕವನ್ನೂ ನೋಡಿ. 10 ನಾಣ್ಯಕ್ಕೆ ಒಂದು ಪೌಂಡ್, 9,000ಕ್ಕೆ 900! ಅರ್ಧವನ್ನಾದರೂ ರತ್ನ, ಒಡವೆ ಮಾಡಿ.

ಉತ್ತರ 3: ಗುಪ್ತ ಬಾಗಿಲ ಹಿಂದಿಟ್ಟರೆ ಸುಳಿವು ಬೇಕು: ಗೋಡೆಯವರೆಗೆ ಬಂದು ನಿಂತ ಹೆಜ್ಜೆಗುರುತು, ನಕ್ಷೆಯಲ್ಲಿ ಉಳಿದ ಖಾಲಿ ಚೌಕ. ಹುಡುಕುವುದನ್ನು ಬರೀ ದಾಳಕ್ಕೆ ಬಿಟ್ಟರೆ ಅದು ಯಾರಿಗೂ ಸಿಗದೇ ಹೋಗಬಹುದು.