ಹಂಬಕರ್ ಬದಲಿಸಬೇಕು: ನೆಕ್ ಮಬ್ಬು, ಬ್ರಿಡ್ಜ್ ಕೀರಲು, ಯಾವುದು ಹಾಕಲಿ?

ಪ್ರಶ್ನೆ

ಲೆಸ್ ಪಾಲ್ ಮಾದರಿಯ ಗಿಟಾರ್. ಎರಡು ಹಂಬಕರ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ, ಎರಡು ಸುರುಳಿಯ ಪಿಕಪ್; ಕತ್ತಿನ ಕಡೆಯದು ನೆಕ್, ತಂತಿ ಕೂರುವ ಸೇತುವೆಯ ಕಡೆಯದು ಬ್ರಿಡ್ಜ್), ಎರಡು ವಾಲ್ಯೂಮ್, ಎರಡು ಟೋನ್. ನೆಕ್ ಪಿಕಪ್‌ನಲ್ಲಿ ಕ್ಲೀನ್ ನುಡಿಸಿದರೆ ಬಾಯಿಗೆ ಬಟ್ಟೆ ಅಡ್ಡ ಇಟ್ಟು ಮಾತಾಡಿದ ಹಾಗಿರುತ್ತೆ, ಕಾರ್ಡ್‌ನ ಸ್ವರಗಳು ಬಿಡಿಬಿಡಿಯಾಗಿ ಕೇಳಿಸೋಲ್ಲ. ಬ್ರಿಡ್ಜ್ ಪಿಕಪ್ ಡಿಸ್ಟಾರ್ಷನ್‌ನಲ್ಲಿ ಕಿವಿ ಚುಚ್ಚುತ್ತೆ, ಸೋಲೋಗೆ ತೂಕ ಸಾಲದು. ಮೀಟರ್‌ನಲ್ಲಿ ನೆಕ್ 7.9ಕೆ, ಬ್ರಿಡ್ಜ್ 8.4ಕೆ ಓಮ್ ತೋರಿಸಿತು. ಬ್ರಿಡ್ಜ್‌ಗೆ 16ಕೆ ಇರುವ ಸೆಮೋರ್ ಡಂಕನ್ ಜೆಬಿ ಹಾಕಿದರೆ ಎರಡರಷ್ಟು ಜೋರಾಗುತ್ತಾ? ನೆಕ್‌ಗೆ ಯಾವುದು?

ಉತ್ತರ 1

ಓಮ್ ನೋಡಿ ಜೋರು ಅಳೆಯಬೇಡಿ ಸರ್. ಪಿಕಪ್‌ನ ಸುರುಳಿ ಸುತ್ತುವ ತಾಮ್ರದ ತಂತಿಯಲ್ಲಿ, ಅಷ್ಟೇ ಉದ್ದದ 42 ಗೇಜ್ ತಂತಿಗಿಂತ 44 ಗೇಜ್ ತಂತಿಗೆ ರೋಧ ಸುಮಾರು 1.6 ಪಟ್ಟು ಜಾಸ್ತಿ. ಹಾಗಾಗಿ ತೆಳು ತಂತಿಯಲ್ಲಿ ಸುತ್ತಿದ ಪಿಕಪ್‌ನ ಅಂಕಿ ಸುಮ್ಮನೆ ದೊಡ್ಡದಾಗಿ ಕಾಣುತ್ತೆ. ಎಷ್ಟು ಸುತ್ತು, ಯಾವ ಆಯಸ್ಕಾಂತ ಅನ್ನೋದೇ ಮುಖ್ಯ. ಸೆಖೆಗೂ ಅಂಕಿ ಏರುತ್ತೆ: ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39%, ಅಂದರೆ 25 ಡಿಗ್ರಿಯಲ್ಲಿ 8.0ಕೆ ಇದ್ದದ್ದು ಏಪ್ರಿಲ್‌ನ 35 ಡಿಗ್ರಿಯಲ್ಲಿ 8.3ಕೆ. ಸೆತ್ ಲವರ್ 1955ರಲ್ಲಿ ಗಿಬ್ಸನ್‌ಗೆ ರೂಪಿಸಿಕೊಟ್ಟ ಮೂಲ ಹಂಬಕರ್‌ಗಳೇ ಸುಮಾರು 7ರಿಂದ 9ಕೆ ವರೆಗೆ ಒಂದೊಂದು ಒಂದೊಂದು ಥರ ಇದ್ದವು.

ದುಡ್ಡು ಬಿಚ್ಚುವ ಮೊದಲು ಇಷ್ಟು ಅಳೆದು ಹೇಳಿ:

ಪಾಟ್‌ಗಳ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಬದಲಾಗುವ ರೋಧಕಗಳ) ನಿಜವಾದ ರೋಧ. ಪಿಕಪ್‌ನ ವೈರ್ ಬಿಚ್ಚಿಯೇ ಅಳೆಯಬೇಕು. ಬಿಚ್ಚದೆ ಅಳೆದರೆ ಪಾಟ್‌ಗೆ ಸಮಾನಾಂತರವಾಗಿ ಪಿಕಪ್ ಕೂತಿರುವುದರಿಂದ ಮೀಟರ್ 8ಕೆ ಅಂತಲೇ ತೋರಿಸುತ್ತೆ, ಪಾಟ್ ಕೆಟ್ಟಿದೆ ಅಂದುಕೊಂಡು ಎಸೆಯುವವರೂ ಇದ್ದಾರೆ. ಅಳೆಯಬೇಕಾದದ್ದು ಅಂಚಿನ ಎರಡು ಕಾಲುಗಳ ನಡುವೆ.

ಪಿಕಪ್ ಎತ್ತರ. 22ನೇ ಫ್ರೆಟ್ ಒತ್ತಿ ಹಿಡಿದು ಪೋಲ್‌ನಿಂದ (ಪಿಕಪ್ ಮೇಲೆ ಪ್ರತಿ ತಂತಿಯ ಕೆಳಗಿರುವ ಲೋಹದ ತುಂಡು) ತಂತಿಗೆ ಎಷ್ಟು? ಬ್ರಿಡ್ಜ್‌ನಲ್ಲಿ 1.6 ಮಿ.ಮೀ., ನೆಕ್‌ನಲ್ಲಿ 2.4 ಮಿ.ಮೀ. ಒಳ್ಳೆಯ ಆರಂಭ.

ಎರಡೂ ಪಿಕಪ್‌ಗಳ ಮೇಲೆ ಮೊದಲ ತಂತಿಯಿಂದ ಆರನೆಯದಕ್ಕೆ ಅಗಲ, ಮಧ್ಯದಿಂದ ಮಧ್ಯಕ್ಕೆ.

ಆಂಪ್‌ಗೆ ಎಷ್ಟು ಉದ್ದದ ಕೇಬಲ್ ಹಾಕ್ತೀರಿ ಅನ್ನೋದೂ ಬೇಕು. ಮೀಟರಿಗೆ 100 ಪಿಕೋಫ್ಯಾರಡ್ ಇರುವ ಕೇಬಲ್, ಗಿಟಾರ್ ಒಳಗೆ ಇನ್ನೊಂದು 100 ಅಂತ ಹಿಡಿದರೆ, 4.5 ಹೆನ್ರಿಯ ಪಿಕಪ್‌ನ ಅನುರಣನ (ದನಿ ಅತಿ ಹೆಚ್ಚು ಎದ್ದು ಕೇಳುವ ಆವೃತ್ತಿ) 3 ಮೀಟರ್ ಕೇಬಲ್‌ನಲ್ಲಿ ಸುಮಾರು 3,750 ಹರ್ಟ್ಸ್. 6 ಮೀಟರ್ ಆದರೆ ಅದು 2,850ರ ಹತ್ತಿರಕ್ಕೆ ಇಳಿಯುತ್ತೆ. ಅಷ್ಟು ಇಳಿದರೆ ಮಬ್ಬು ಚೆನ್ನಾಗಿಯೇ ಗೊತ್ತಾಗುತ್ತೆ.

ಪ್ರಶ್ನೆ ಕೇಳಿದವರು

ನೆಕ್ ವಾಲ್ಯೂಮ್ 247ಕೆ, ಉಳಿದ ಮೂರೂ 500ಕೆ ಆಸುಪಾಸು. ನೆಕ್ ಎತ್ತರ 1.4 ಮಿ.ಮೀ., ಬ್ರಿಡ್ಜ್ 2.0. ಅಗಲ ಬ್ರಿಡ್ಜ್‌ನಲ್ಲಿ 52 ಮಿ.ಮೀ., ನೆಕ್‌ನಲ್ಲಿ 50. ಟೋನ್ ಕೆಪಾಸಿಟರ್ ಮೇಲೆ 473 ಅಂತಿದೆ. ಕೇಬಲ್ 6 ಮೀಟರ್.

ಉತ್ತರ 1

ನೆಕ್‌ನ ಅರ್ಧ ರೋಗ ಅಲ್ಲೇ ಇದೆ. 247ಕೆ ವಾಲ್ಯೂಮ್, 500ಕೆ ಟೋನ್ ಸೇರಿ ಪಿಕಪ್ ಮೇಲೆ ಬೀಳುವ ಹೊರೆ ಸುಮಾರು 165ಕೆ. ಎರಡೂ 500ಕೆ ಇದ್ದಿದ್ದರೆ 250ಕೆ ಇರುತ್ತಿತ್ತು. ಈ ಅಂಕಿ ಇಳಿದಷ್ಟೂ ದನಿ ಮಬ್ಬಾಗುತ್ತೆ. ಯಾರೋ ಸಿಂಗಲ್ ಕಾಯಿಲ್‌ಗೆ (ಒಂದೇ ಸುರುಳಿಯ ಪಿಕಪ್‌ಗೆ) ಹಾಕುವ ಪಾಟ್ ತಂದು ಕೂರಿಸಿದ್ದಾರೆ. 473 ಅಂದರೆ 0.047 ಮೈಕ್ರೋಫ್ಯಾರಡ್. ಹಂಬಕರ್‌ಗೆ 223, ಅಂದರೆ 0.022, ಒಳ್ಳೆಯದು. ಆದರೆ ಟೋನ್ 10ರಲ್ಲಿದ್ದಾಗ ಕೆಪಾಸಿಟರ್‌ನ ವ್ಯತ್ಯಾಸ ಕೇಳಿಸುವುದು ಕಡಿಮೆ, ಅದನ್ನು ಆಮೇಲೆ ನೋಡಿಕೊಂಡರಾಯ್ತು.

ಮೊದಲು 500ಕೆ ಪಾಟ್ ಹಾಕಿ, ನೆಕ್ ಪಿಕಪ್ ಇಳಿಸಿ. ದಪ್ಪ ತಂತಿಯ ಕಡೆ 3 ಮಿ.ಮೀ., ತೆಳು ತಂತಿಯ ಕಡೆ 2.4. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಕೆಪಾಸಿಟರ್, ಸೋಲ್ಡರ್, ಸ್ಲೀವ್ ಎಲ್ಲಾ ಸಿಗುತ್ತೆ. ಪಾಟ್ ತರುವಾಗ ಗಿಟಾರಿನ ತೂತು ಅಳೆದುಕೊಂಡು ಹೋಗಿ: ದೊಡ್ಡ 24 ಮಿ.ಮೀ. ಪಾಟ್‌ನ ಕುತ್ತಿಗೆ ಸುಮಾರು 9.5 ಮಿ.ಮೀ., ಏಷ್ಯಾದಲ್ಲಿ ತಯಾರಾದ ಎಷ್ಟೋ ಗಿಟಾರ್‌ಗಳ ತೂತಿಗೆ ಅದು ಇಳಿಯೋಲ್ಲ. ಡ್ರಿಲ್ ಹಾಕಿದರೆ ವಾರ್ನಿಷ್ ಚಕ್ಕೆ ಏಳುತ್ತೆ. ರೀಮರ್‌ನಲ್ಲಿ ಕೈಯಿಂದ ನಿಧಾನಕ್ಕೆ ಹಿಗ್ಗಿಸಿ.

ಉತ್ತರ 2

ಆಮೇಲೂ ಪಿಕಪ್ ಬೇಕು ಅನ್ನಿಸಿದರೆ ನನ್ನ ಆಯ್ಕೆ: ನೆಕ್‌ಗೆ ಡಂಕನ್ 59, ಅಲ್ನಿಕೋ 5 ಆಯಸ್ಕಾಂತ, ಸುಮಾರು 7.5ಕೆ. ಕೆಳಗಿನ ಸ್ವರಗಳು ಬಿಗಿಯಾಗಿ, ಬಿಡಿಯಾಗಿ ಬರುತ್ತವೆ. ಬ್ರಿಡ್ಜ್‌ಗೆ ಜೆಬಿ ಬೇಡ. ಅದರ ಮೇಲಿನ ಮಧ್ಯಮ ಶ್ರೇಣಿ 500ಕೆ ಪಾಟ್‌ನಲ್ಲಿ ಚೂಪು, ನಿಮ್ಮ ದೂರೇ ಅದು. ಡಿಮಾರ್ಜಿಯೋ ಸೂಪರ್ ಡಿಸ್ಟಾರ್ಷನ್ ನೋಡಿ: 1972ರಿಂದ ಇರುವ ಸಿರಾಮಿಕ್ ಆಯಸ್ಕಾಂತದ ಪಿಕಪ್, 13.7ಕೆ ಹತ್ತಿರ, ಮಧ್ಯಮ ಶ್ರೇಣಿ ದಪ್ಪ. ಅಗಲ 52 ಇರುವುದರಿಂದ ಎಫ್ ಸ್ಪೇಸ್ (ಪೋಲ್‌ಗಳು ಅಗಲವಾಗಿರುವ ಮಾದರಿ) ಅಂತ ಕೇಳಿ ತಗೊಳ್ಳಿ, ಅದು 51 ಮಿ.ಮೀ. ಸಾಮಾನ್ಯದ್ದು 48.3. ಅದನ್ನು ಹಾಕಿದರೆ ಹೊರಗಿನ ತಂತಿಗಳು ಪೋಲ್ ಬಿಟ್ಟು ಎರಡೆರಡು ಮಿ.ಮೀ. ಆಚೆ ಹೋಗುತ್ತವೆ.

ಎತ್ತರದ ಸ್ಕ್ರೂ ಹೊಸ ಪಿಕಪ್ ಜೊತೆ ಬಂದದ್ದನ್ನೇ ಬಳಸಿ. ಹಳೆಯದು ಮೆಟ್ರಿಕ್ ಇದ್ದು, ಅಮೆರಿಕದ ಪಿಕಪ್‌ನ ಕಾಲಿಗೆ ತಿರುಗಿಸಿದರೆ ಎರಡು ಸುತ್ತು ಹೋಗಿ ಬಿಗಿಯುತ್ತೆ. ಇನ್ನೂ ಒತ್ತಿದರೆ ಒಳಗಿನ ತಿರುಪಿನ ಗೆರೆಗಳೇ ಸವೆದುಹೋಗುತ್ತವೆ.

ಪ್ರಶ್ನೆ ಕೇಳಿದವರು

ಪಾಟ್ ಬದಲಿಸಿ ಇಳಿಸಿದ ಮೇಲೆ ನೆಕ್ ಎಷ್ಟೋ ತಿಳಿಯಾಯ್ತು, ಹಳೆಯದನ್ನೇ ಉಳಿಸಿಕೊಂಡೆ. ಬ್ರಿಡ್ಜ್‌ಗೆ ಮಾತ್ರ ಸೂಪರ್ ಡಿಸ್ಟಾರ್ಷನ್ ಹಾಕಿದೆ. ಈಗ ಬ್ರಿಡ್ಜ್ ಒಂದೇ ಇಟ್ಟರೂ ದನಿ ತಗಡಿನ ಹಾಗೆ, ಮೊದಲಿಗಿಂತ ತೆಳು. ಗುಂಯ್ ಅಂತ ಹಮ್ ಬೇರೆ. ತಂತಿ ಮುಟ್ಟಿದರೂ ಇಳಿಯಲ್ಲ, ಗಿಟಾರ್ ಹಿಡಿದು ತಿರುಗಿದರೆ ಏರಿಳಿಯುತ್ತೆ. ಮೀಟರ್‌ನಲ್ಲಿ 13.4ಕೆ ಸರಿಯಾಗೇ ಇದೆ. ಕಪ್ಪು ವೈರ್ ವಾಲ್ಯೂಮ್‌ಗೆ, ಕೆಂಪು-ಬಿಳಿ ಒಟ್ಟಿಗೆ, ಹಸಿರು ಮತ್ತು ಬರಿ ತಂತಿ (ಹೊದಿಕೆಯಿಲ್ಲದ ವೈರ್) ಗ್ರೌಂಡ್‌ಗೆ ಹಾಕಿದೀನಿ.

ಉತ್ತರ 2

ಅದು ಡಂಕನ್‌ನ ಬಣ್ಣದ ಕ್ರಮ. ಡಿಮಾರ್ಜಿಯೋದಲ್ಲಿ ಒಂದು ಸುರುಳಿ ಕೆಂಪು-ಕಪ್ಪು, ಇನ್ನೊಂದು ಬಿಳಿ-ಹಸಿರು. ನೀವು ಜೋಡಿಸಿದ ರೀತಿಯಲ್ಲಿ ಮೊದಲ ಸುರುಳಿ ತಿರುಗುಮುರುಗಾಗಿದೆ. ಎರಡೂ ಸರಣಿಯಲ್ಲೇ ಇರುವುದರಿಂದ ಮೀಟರಿಗೆ ತಪ್ಪು ಕಾಣೋಲ್ಲ. ಆದರೆ ಎರಡು ಸುರುಳಿಗಳಿಗೆ ಬರುವ ತಂತಿಯ ಸದ್ದು ಒಂದನ್ನೊಂದು ಕಳೆಯುತ್ತೆ, ಕಳೆಯಬೇಕಾಗಿದ್ದ ಹಮ್ ಕೂಡಿಕೊಳ್ಳುತ್ತೆ. ಗ್ರೌಂಡ್ ತಪ್ಪಾಗಿದ್ದರೆ ತಂತಿ ಮುಟ್ಟಿದಾಗ ಹಮ್ ಬದಲಾಗುತ್ತಿತ್ತು. ತಿರುಗಿದಾಗ ಏರಿಳಿಯುವುದು ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನು ಸುರುಳಿಗಳು ಹಿಡಿಯುತ್ತಿರುವ ಗುರುತು.

ಹೀಗೆ ಮಾಡಿ: ಕೆಂಪು ವಾಲ್ಯೂಮ್‌ಗೆ. ಕಪ್ಪು-ಬಿಳಿ ಹೊಸೆದು ಬೆಸೆದು ಮೇಲೆ ಸ್ಲೀವ್. ಹಸಿರು ಮತ್ತು ಬರಿ ತಂತಿ ಪಾಟ್‌ನ ಬೆನ್ನಿಗೆ. 40 ವ್ಯಾಟ್ ಐರನ್ ಸಾಕು. ಪಾಟ್‌ನ ಬೆನ್ನನ್ನು ಮೊದಲು ಮರಳುಕಾಗದದಿಂದ ಉಜ್ಜಿ ಸ್ವಲ್ಪ ಸೋಲ್ಡರ್ ಹರಿಸಿಕೊಳ್ಳಿ. ಇಲ್ಲದಿದ್ದರೆ ಬಿಸಿ ಏರಲಿ ಅಂತ ಕಾದು ಕಾದು ಒಳಗಿನ ಕಾರ್ಬನ್ ಪಟ್ಟಿ ಕೆಡುತ್ತೆ.

ಮುಚ್ಚುವ ಮೊದಲು ಎರಡೂ ಪಿಕಪ್‌ಗಳ ಫೇಸ್ (ಎರಡರ ಸಿಗ್ನಲ್ ಒಂದೇ ದಿಕ್ಕಿಗೆ ಇದೆಯೇ ಅನ್ನೋದು) ನೋಡಿಬಿಡಿ. ಸ್ವಿಚ್ ಒಂದೊಂದೇ ಪಿಕಪ್‌ಗೆ ಹಾಕಿ, ಜ್ಯಾಕ್‌ನಲ್ಲಿ ಮೀಟರ್ 200 ಮಿಲಿವೋಲ್ಟ್ ಡಿ.ಸಿ.ಗೆ ಇಟ್ಟು, ಸ್ಕ್ರೂಡ್ರೈವರನ್ನು ಪೋಲ್ ಸ್ಕ್ರೂಗಳ ಸಾಲಿಗೆ ತಾಗಿಸಿ ಸರಕ್ಕನೆ ಎಳೆಯಿರಿ. ಎರಡರಲ್ಲೂ ಅಂಕಿ ಒಂದೇ ಕಡೆ ಹಾರಬೇಕು, ಎರಡೂ ಪ್ಲಸ್ ಅಥವಾ ಎರಡೂ ಮೈನಸ್. ಬೇರೆ ಬೇರೆ ಬಂದರೆ ಹೊಸದರಲ್ಲಿ ಕೆಂಪು, ಹಸಿರು ಅದಲುಬದಲು ಮಾಡಿ. ಬರಿ ತಂತಿ ಮಾತ್ರ ಗ್ರೌಂಡ್‌ನಲ್ಲೇ ಇರಲಿ. ಹಳೆಯ ನೆಕ್ ಪಿಕಪ್‌ಗೆ ಹೆಣೆದ ಎರಡೆಳೆ ವೈರ್ ಇದ್ದು ಮೇಲೆ ಲೋಹದ ಮುಚ್ಚಳ ಇದ್ದರೆ ಅದನ್ನು ಮುಟ್ಟಬೇಡಿ, ತಿರುವಿದರೆ ಮುಚ್ಚಳವೇ ಸಿಗ್ನಲ್ ಆಗಿ ಬೆರಳು ತಾಗಿದಾಗೆಲ್ಲ ಗುಂಯ್ಗುಡುತ್ತೆ.

ಪ್ರಶ್ನೆ ಕೇಳಿದವರು

ಕೆಂಪು-ಕಪ್ಪು ಸರಿಮಾಡಿದೆ, ಹಮ್ ಹೋಯ್ತು, ದನಿ ತುಂಬಿಕೊಂಡಿತು. ಫೇಸ್ ನೋಡಿದರೆ ನೆಕ್ ಪ್ಲಸ್, ಬ್ರಿಡ್ಜ್ ಮೈನಸ್. ಕೆಂಪು-ಹಸಿರು ಬದಲಿಸಿದೆ, ಈಗ ಎರಡೂ ಪ್ಲಸ್. ಮಧ್ಯದ ಸ್ಥಾನದಲ್ಲೂ ದನಿ ತುಂಬಿದೆ. ಬ್ರಿಡ್ಜ್ ಸದ್ದು ನೆಕ್‌ಗಿಂತ ಜೋರು ಅನ್ನಿಸಿದ್ದರಿಂದ 2.2 ಮಿ.ಮೀ.ಗೆ ಇಳಿಸಿದೀನಿ.