ಕಾಗೆ ಹಾರುವ ದೂರವೋ, ನೆಟ್ಟಗಿನ ದೂರವೋ?

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಅಣ್ಣನ ಮಗಳ ಶಾಲೆಗೆ ಒಂದು ಗೋಡೆಪಟ ಬರೆದುಕೊಡುತ್ತಿದ್ದೇನೆ. ಸಾಂಬ್ರಾ ವಿಮಾನ ನಿಲ್ದಾಣದಿಂದ ಯಾವ ಊರು ಎಷ್ಟು ದೂರ, ಹಾರಿ ಹೋದರೆ ಎಷ್ಟು ಹೊತ್ತು ಅಂತ. ಲೆಕ್ಕ ಸಿಕ್ಕಿತು, ಪದ ಸಿಗುತ್ತಿಲ್ಲ.

ಸಾಂಬ್ರಾದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೆದ್ದಾರಿ ಹಿಡಿದರೆ ನೂರು ಕಿಲೋಮೀಟರ್ ಹತ್ತಿರ. ನಕಾಶೆ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಸುಮಾರು 75. ಬೆಂಗಳೂರಿಗೆ ರಸ್ತೆಯಲ್ಲಿ 500 ದಾಟುತ್ತದೆ, ಗೆರೆಯಲ್ಲಿ 445ರ ಆಸುಪಾಸು. ಈ ಗೆರೆಯ ದೂರಕ್ಕೆ ಏನನ್ನಬೇಕು?

‘ಕಾಗೆ ಹಾರುವ ದೂರ’ ಅಂತ ಬರೆದದ್ದನ್ನು ಅಲ್ಲಲ್ಲಿ ಓದಿದ್ದೇನೆ. ಇಂಗ್ಲಿಷಿನ ‘ಆ್ಯಸ್ ದ ಕ್ರೋ ಫ್ಲೈಸ್’ ಅನ್ನುವ ಮಾತಿನ ಕಾಗೆ ಅದು, ನಮ್ಮದಲ್ಲ. ನಮ್ಮ ಕಾಗೆ ಮಾಳಿಗೆ ಮೇಲೆ ಕೂತು ಕೂಗಿದರೆ ಬೀಗರು ಬರುತ್ತಾರೆ. ಪಿಂಡ ಮುಟ್ಟದಿದ್ದರೆ ಮನೆಮಂದಿಗೆ ಕಳವಳ. ನೆಟ್ಟಗೆ ಹಾರುವುದಕ್ಕೆ ಅದು ಯಾವತ್ತೂ ಹೆಸರಾಗಿಲ್ಲ. ಅದಕ್ಕಿಂತ ದೊಡ್ಡ ತೊಡಕು, ‘ಕಾಗೆ ಹಾರಿಸು’ ಅಂದರೆ ನಮ್ಮಲ್ಲಿ ಸುಳ್ಳು ಹೇಳು ಅಂತ ಅಲ್ವಾ? ಹುಬ್ಬಳ್ಳಿ ಕಾಗೆ ಹಾರುವ ದೂರದಲ್ಲಿ 75 ಕಿಲೋಮೀಟರ್ ಅಂತ ಬರೆದರೆ ಓದಿದವರು ನಗುತ್ತಾರೆ. ‘ವೈಮಾನಿಕ ದೂರ’ ತಪ್ಪಲ್ಲ, ಆದರೆ ಐದನೇ ಕ್ಲಾಸಿನ ಮಕ್ಕಳಿಗೆ ಭಾರ. ‘ನೇರ ದೂರ’ ಆದೀತು. ನನಗೆ ಮಾತ್ರ ‘ನೆಟ್ಟಗಿನ ದೂರ’ ಹಿಡಿಸಿದೆ. ನಮ್ಮ ಕಡೆ ದಾರಿ ಕೇಳಿದವರಿಗೆ "ನೆಟ್ಟಗ ಹೋಗ್ರಿ" ಅಂತಲೇ ಹೇಳುವುದು.

ಎರಡನೆಯದು ಹೊತ್ತಿನ ವಿಚಾರ. ಬೆಂಗಳೂರಿನ ಟಿಕೆಟ್ಟಿನಲ್ಲಿ ಸುಮಾರು 1 ಗಂಟೆ 15 ನಿಮಿಷ ಅಂತ ಇರುತ್ತದೆ. ಅದಷ್ಟೂ ಆಕಾಶದಲ್ಲಿ ಕಳೆಯುವ ಹೊತ್ತಲ್ಲ. ವಿಮಾನ ನಿಂತ ಜಾಗ ಬಿಟ್ಟು ಕದಲಿದ ಕ್ಷಣದಿಂದ, ಅಲ್ಲಿ ಹೋಗಿ ನಿಲ್ಲುವ ತನಕದ ಲೆಕ್ಕ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲ ಅದರೊಳಗೇ. ಇದಕ್ಕೆ ‘ಹಾರಾಟದ ಅವಧಿ’ ಅಂದರೆ ಅರ್ಥವೇ ತಪ್ಪುತ್ತದೆ. ಸಾಲದ್ದಕ್ಕೆ ‘ಹಾರಾಟ’ ಅಂದ ಕೂಡಲೇ ನನಗೆ ಅಜ್ಜಿಯ "ಭಾಳ ಹಾರಾಡಬ್ಯಾಡ" ನೆನಪಾಗುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ನಾವು ಕೇಳುವುದು ಹೇಗೆ? "ಎಷ್ಟಕ್ಕ ಬಿಡತೈತ್ರಿ, ಎಷ್ಟಕ್ಕ ಮುಟ್ಟತೈತ್ರಿ?" ಅದನ್ನೇ ಹಿಡಿದು ಟಿಕೆಟ್ಟಿನ ಲೆಕ್ಕಕ್ಕೆ ‘ಬಿಟ್ಟು ಮುಟ್ಟುವ ಹೊತ್ತು’, ನೆಲ ಬಿಟ್ಟು ನೆಲ ಮುಟ್ಟುವುದಕ್ಕೆ ‘ಹಾರುವ ಹೊತ್ತು’ ಅಂತ ಇಟ್ಟಿದ್ದೇನೆ. ಒಂದು ಅನುಮಾನ ಉಳಿದಿದೆ. ‘ಮುಟ್ಟು’ ಅಂದರೆ ಊರು ಸೇರುವುದು ಅಂತ ಮೈಸೂರು ಕಡೆಯವರಿಗೆ ತಟ್ಟನೆ ಹೊಳೆಯುತ್ತದೆಯೇ? ಚಕ್ರ ನೆಲ ಮುಟ್ಟಿತು ಅಂತ ತಿಳಿದರೆ ಎರಡೂ ಹೊತ್ತು ಕಲಸಿಹೋಗುತ್ತವೆ.

ವಿಮಾನದವರು ದೂರ ಅಳೆಯುವ ನಾಟಿಕಲ್ ಮೈಲಿನ ಸುದ್ದಿಗೆ ಹೋಗುವುದಿಲ್ಲ. ಒಂದಕ್ಕೆ 1.852 ಕಿಲೋಮೀಟರ್ ಅಂತ ಮೂಲೆಯಲ್ಲಿ ಬರೆದರೆ ಸಾಕು. ಗಂಟೆಗೆ ಒಂದು ನಾಟಿಕಲ್ ಮೈಲಿನ ವೇಗಕ್ಕೆ ನಾಟ್ ಅನ್ನುವುದನ್ನು ‘ಗಂಟು’ ಮಾಡಲು ಹೊರಟಿದ್ದೆ. ‘ಗಂಟೆ’ ಪಕ್ಕದಲ್ಲೇ ‘ಗಂಟು’ ಕೂತದ್ದು ನೋಡಿ ಸುಮ್ನೆ ಅಳಿಸಿದೆ.

ಇನ್ನೊಂದು ಪ್ರಶ್ನೆ. ಊರಿನ ಕಾಕಾ ಒಬ್ಬರಿಗೆ ವಿಮಾನದಲ್ಲಿ ಬೆಂಗಳೂರು ಎಷ್ಟು ದೂರ ಅಂತ ಕೇಳಿದೆ. "ಒಂದ್ ತಾಸಿನ ಹಾದಿ" ಅಂದರು. ದೂರ ಕೇಳಿದರೆ ಹೊತ್ತು ಹೇಳುವುದು ನಮ್ಮ ರೂಢಿ, ಅದು ಸರಿ. ಆದರೆ ಆಕಾಶದಲ್ಲೂ ‘ಹಾದಿ’ ಅನ್ನಬಹುದೇ? ವಿಜಯಪುರ, ಬಾಗಲಕೋಟೆ ಕಡೆಯವರು ಏನನ್ನುತ್ತೀರಿ, ತಿಳಿಸಿ. ಸೋಮವಾರ ಪಟ ಅಂಟಿಸಬೇಕು.